ನನ್ನ ಪಾಲಿನ ಬೈಗುಳ

ಮೊನ್ನೆ ನಮ್ಮ ಕಾಲೇಜಿನ ಅಂತಿಮ ವರ್ಷದ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದು ಒಂದು ಜೆರಾಕ್ಸ್ ಹಾಳೆ ಕೊಟ್ಟಳು. 'ಮೇಡಂ, ಪ್ರಾಜೆಕ್ಟಿಗೆ. ಐದೇ ನಿಮಿಷ ಸಾಕು' ಅಂದಳು. ಮೇಲೆ ದಪ್ಪ ಅಕ್ಷರದಲ್ಲಿ 'ದಿನನಿತ್ಯದ ಬದುಕಿನ ಸಾಂಸ್ಕೃತಿಕ ಅಧ್ಯಯನ' ಅಂತ ಇತ್ತು. ಮೊದಲನೇ ಪ್ರಶ್ನೆ: ನೀವು ಬೆಳೆದ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವರು ಯಾರು? 'ಅವ್ವ' ಅಂತ ಬರೆದೆ. ಎರಡನೇ ಪ್ರಶ್ನೆ: ಎದ್ದ ಕೂಡಲೇ ಅವರು ಮೊದಲು ಮುಟ್ಟುತ್ತಿದ್ದ ವಸ್ತು ಯಾವುದು? ಅಲ್ಲಿ ನನ್ನ ಪೆನ್ನು ನಿಂತುಹೋಯಿತು.

ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಒಲೆಯ ಬೂದಿ. ಹಿಂದಿನ ದಿನ ಮುಚ್ಚಿಟ್ಟ ಕೆಂಡಕ್ಕೆ ಇನ್ನೂ ಜೀವ ಇದೆಯೋ ಇಲ್ಲವೋ ಅಂತ ಅವ್ವ ಬೂದಿಯ ಮೇಲೆ ಹಿಂಗೈ ಹಿಡಿದು ನೋಡುತ್ತಿದ್ದಳು. ಆದರೆ ಇದು ನಾನು ಕಣ್ಣಾರೆ ಕಂಡು ತಿಳಿದದ್ದಲ್ಲ, ಇನ್ನೊಬ್ಬಳ ನೋಟ್‌ಬುಕ್ಕಿನಲ್ಲಿ ಓದಿ ತಿಳಿದದ್ದು. ಹೆತ್ತ ತಾಯಿಯ ವಿಷಯವನ್ನು ಮೈಸೂರು ಕಡೆಯ ಹುಡುಗಿಯ ಪುಟದಿಂದ ಕಾಪಿ ಹೊಡೆಯಬೇಕೇ? ಇಷ್ಟು ವರ್ಷ ಪರೀಕ್ಷಾ ಕೊಠಡಿಯಲ್ಲಿ ಕಾಪಿ ಹೊಡೆಯುವವರನ್ನು ಹಿಡಿಯುತ್ತಾ ಬಂದವಳು ನಾನು. 'ನಾಳೆ ಕೊಡ್ತೀನಮ್ಮ' ಅಂತ ಹಾಳೆ ಮಡಚಿ ಬ್ಯಾಗಿಗೆ ಸೇರಿಸಿದೆ. ಏಳೆಂಟು ವರ್ಷದ ಹಿಂದಿನ ಒಂದು ಉರಿ ಮಾತ್ರ ಹೊಟ್ಟೆಯೊಳಗೆ ಮತ್ತೆ ಹೊತ್ತಿಕೊಂಡಿತು. ನಿಮ್ಮ ಹತ್ತಿರ ಹೇಳಿಕೊಂಡರೆ ಸ್ವಲ್ಪ ಆರೀತೇನೋ.

ಹೊಟ್ಟೆಕಿಚ್ಚಿನ ವಿಷಯದಲ್ಲಿ ನಾನು ಹೊಸಬಳಲ್ಲ ಬಿಡಿ. ಮೂಡಿಗೆರೆಯಲ್ಲಿ ಹೈಸ್ಕೂಲು ಓದುವಾಗ ದೊಡ್ಡ ಎಸ್ಟೇಟಿನವರ ಮನೆ ಹುಡುಗಿಯೊಬ್ಬಳು ಜೀಪಿನಲ್ಲಿ ಬಂದಿಳಿಯುತ್ತಿದ್ದಳು. ಜುಲೈ ತಿಂಗಳ ಮಳೆಯಲ್ಲೂ ಅವಳ ಸಾಕ್ಸು ಬೆಳ್ಳಗೇ ಇರುತ್ತಿದ್ದವು. ಎರಡು ಮೈಲಿ ನಡೆದು ಬಸ್ಸು ಹಿಡಿಯುವ ನನ್ನ ಸಾಕ್ಸಿನಲ್ಲಿ ಜಿಗಣೆಯಂಥ ಇಂಬಳ ಕಚ್ಚಿದ ರಕ್ತದ ಕಲೆ ಒಗೆದರೂ ಹೋಗುತ್ತಿರಲಿಲ್ಲ. ಅವಳ ಜೀಪು ಬೇಡ, ಬಂಗಲೆ ಬೇಡ, ಆ ಸಾಕ್ಸು ಒಂದು ದಿನದ ಮಟ್ಟಿಗೆ ನನ್ನ ಕಾಲಿಗೆ ಬಂದರೆ ಸಾಕು ಅಂತ ಆಸೆಪಡುತ್ತಿದ್ದೆ. ಆಮೇಲೆ ಅವಳು ಪಿಯುಸಿಯಲ್ಲಿ ಫೇಲಾದಳು ಅಂತ ಕೇಳಿದಾಗ ನನಗೆ ಎಷ್ಟು ಸಮಾಧಾನವಾಯಿತು ಅನ್ನುವುದನ್ನು ಬರೆಯಬಾರದು. ಬರೆದಾಯಿತು.

ಚಿಕ್ಕಮಗಳೂರಿನ ಹಾಸ್ಟೆಲ್ಲಿನಲ್ಲಿ ಇನ್ನೊಂದು. ನನ್ನ ರೂಮಿನವಳಿಗೆ ಅವಳ ತಾಯಿ ವಾರಕ್ಕೊಂದು ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದರು. ನನ್ನ ಅವ್ವನಿಗೆ ಅಕ್ಷರ ಬಾರದು. ಅವಳು ನಮ್ಮೂರ ಕಡೆಯ ಬಸ್ಸಿನ ಕಂಡಕ್ಟರ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಪತ್ರೊಡೆ ಕಳಿಸುತ್ತಿದ್ದಳು. 'ನಿಮ್ಮವ್ವ ಕೇಳಿದ್ರು ಕಣಮ್ಮ, ಹೆಂಗಿದೀಯ ಅಂತ' ಅಂತ ಅವರು ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಕೂಗಿ ಹೇಳುತ್ತಿದ್ದರು. ನಾನು ಕಾಗದದ ಕಡೆ ನೋಡಿಕೊಂಡು ಕೂತರೆ, ರೂಮಿನವಳು ಅಷ್ಟೂ ಪತ್ರೊಡೆ ಖಾಲಿ ಮಾಡುತ್ತಿದ್ದಳು. ಯಾರ ಹೊಟ್ಟೆ ಉರಿಯಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ಡಿಗ್ರಿ ಅನ್ನುವುದು ಕೈಗೆ ಬಂದ ಮೇಲೆ ಈ ಚಿಲ್ಲರೆ ಉರಿಗಳೆಲ್ಲ ತಣ್ಣಗಾದವು. ನಮ್ಮ ಅಪ್ಪಯ್ಯನ ಕಡೆಯಲ್ಲೂ ಅವ್ವನ ಕಡೆಯಲ್ಲೂ ಬಿ.ಎ. ಅಂತ ಹೆಸರಿನ ಮುಂದೆ ಬರೆದುಕೊಂಡವರಲ್ಲಿ ನಾನೇ ಮೊದಲು. ಆಮೇಲೆ ಎಂ.ಎ.ಯನ್ನೂ ಮಾಡಿದೆ. ಈ ಮಾತನ್ನು ಸಂಕೋಚಪಟ್ಟುಕೊಂಡು ಹೇಳಬೇಕು ಅಂತ ಕೆಲವರು ಅನ್ನುತ್ತಾರೆ. ನನಗೆ ಯಾವ ಸಂಕೋಚವೂ ಇಲ್ಲ. ಮಳೆಗಾಲದಲ್ಲಿ ನೋಟ್ಸನ್ನು ಗೊಬ್ಬರದ ಚೀಲದ ಒಳಪದರದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಹೊಟ್ಟೆಗೆ ಕಟ್ಟಿಕೊಂಡು, ಮೇಲೆ ಸ್ವೆಟರ್ ಹಾಕಿಕೊಂಡು ಹೋಗಿ ಓದಿದವಳಿಗೆ ಸಂಕೋಚ ಯಾಕೆ?

ಆದರೆ ಆ ಡಿಗ್ರಿಯ ಅರ್ಧ ಅವ್ವನದು. ನಾನು ನಾಲ್ಕನೇ ಕ್ಲಾಸಿನಲ್ಲಿ ಇದ್ದಾಗ ಒಂದು ದಿನ ಅಂಗಳ ಗುಡಿಸುವ ಅಂತ ಪೊರಕೆ ಹಿಡಿದಿದ್ದೆ. ಅವ್ವ ದನದ ಕೊಟ್ಟಿಗೆಯಿಂದ ಓಡಿಬಂದು ಕಿತ್ತುಕೊಂಡಳು. 'ಪುಸ್ತಕ ಹಿಡಿಯೋ ಕೈ ಇದು. ಈ ಮನೇಲಿ ಪೊರಕೆ ಹಿಡಿಯೋಕೆ ನಾನೊಬ್ಳು ಸಾಕು' ಅಂದಳು. ಅಷ್ಟೇ. ಅವತ್ತಿನಿಂದ ನನಗೆ ಮನೆಗೆಲಸ ಬಂದ್. ನೀರು ಸೇದುವುದು, ಒಲೆ ಹಚ್ಚುವುದು, ಕೊಯ್ಲಿಗೆ ಹೋಗುವುದು, ಕಾಫಿ ಕಣದಲ್ಲಿ ಹರಡುವುದು, ಒಂದೂ ಇಲ್ಲ. ಪಕ್ಕದ ಮನೆಯ ಗಿರಿಜಕ್ಕ ಬೇಲಿಯ ಆಚೆಯಿಂದ ಕೇಳಿದ್ದರು: 'ಎಂಥದೇ, ಮಗಳನ್ನ ಡಿಸಿ ಮಾಡ್ತೀಯ ಹೆಂಗೆ?'

'ಆಗ್ಲಿ ಬಿಡಿ ಅಕ್ಕ. ನಿಮ್ಗೆ ಸೈನು ಬೇಕಾದಾಗ ಬಂದ್ರಾಯ್ತು' ಅಂದಿದ್ದಳು ಅವ್ವ.

ಹೀಗಾಗಿ ನಾನು ಕಾಫಿ ಬೆಳೆಯುವವರ ಮನೆಯಲ್ಲಿ ಹುಟ್ಟಿ, ಕಾಫಿ ಗಿಡವನ್ನು ಕಿಟಕಿಯಿಂದ ನೋಡಿಕೊಂಡು ಬೆಳೆದೆ. ನಮ್ಮದೇನು ದೊಡ್ಡ ತೋಟ ಅಲ್ಲ. ಮೂಡಿಗೆರೆಯಿಂದ ಕಳಸದ ಕಡೆ ಹೋಗುವ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಕೂತು, ಇಳಿದು, ಗುಡ್ಡ ಹತ್ತಿದರೆ ಎರಡೂವರೆ ಎಕರೆ. ಅಪ್ಪಯ್ಯ, ಅವ್ವ ಇಬ್ಬರೇ ದುಡಿಯುವವರು. ಒಂದು ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮಂಥ ಸಣ್ಣ ಬೆಳೆಗಾರರ ಮನೆಯಲ್ಲಿ ಒಳ್ಳೆಯ ಕಾಫಿ ಯಾರೂ ಕುಡಿಯುವುದಿಲ್ಲ. ಒಳ್ಳೆಯದೆಲ್ಲ ಮೂಟೆ ಕಟ್ಟಿ ಚಿಕ್ಕಮಗಳೂರಿಗೆ ಹೋಗುತ್ತದೆ. ನೀರಿಗೆ ಹಾಕಿದಾಗ ತೇಲಿದ ಜೊಳ್ಳು, ಇಲಿ ಕಡಿದು ಬೀಳಿಸಿದ್ದು, ಗಿಡದ ಬುಡದಲ್ಲಿ ಆಯ್ದದ್ದು, ಇವು ಮನೆಗೆ. ಅದಕ್ಕೇ ಬೆಲ್ಲ ಹಾಕಿ, ಒಂದು ಪಾತ್ರೆ ಕಾಯಿಸಿ, ದಿನವಿಡೀ ಕುಡಿಯುವುದು. ಹಾಸ್ಟೆಲ್ಲಿಗೆ ಹೋದ ಮೇಲೆಯೇ ನನಗೆ ಗೊತ್ತಾದದ್ದು, ಕಾಫಿಗೆ ಪರಿಮಳವೂ ಇರುತ್ತದೆ ಅಂತ.

ಆ ನೋಟ್‌ಬುಕ್ಕಿನ ಹುಡುಗಿ ಸುಚೇತಾ ಮೈಸೂರಿನಿಂದ ಬಂದದ್ದು ತೊಂಬತ್ತರ ದಶಕದ ಕೊನೆಗೆ. ನಾನು ಆಗ ಚಿಕ್ಕಮಗಳೂರಿನಲ್ಲಿ ಪಾರ್ಟ್‌ಟೈಮ್ ಲೆಕ್ಚರರ್. ಶನಿವಾರ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ ಸೋಮವಾರ ಬೆಳಿಗ್ಗೆ ವಾಪಸ್ಸು. ಅವಳು ಪಿಎಚ್‌ಡಿ ಮಾಡುತ್ತಿದ್ದಳು. ಕಾಟನ್ ಚೂಡಿದಾರ, ಹೆಗಲಿಗೆ ಜೋಳಿಗೆ, ಕೈಯಲ್ಲಿ ಗೈಡು ಕೊಟ್ಟ ಪತ್ರ. ಕಾಫಿ ಸೀಮೆಯ ಒಂದು ಸಾಧಾರಣ ಮನೆಯಲ್ಲಿ ಕೊಯ್ಲಿನ ಕಾಲದಲ್ಲಿ ಒಂದು ತಿಂಗಳು ಇದ್ದು, ಬೆಳಿಗ್ಗೆಯಿಂದ ರಾತ್ರಿವರೆಗೆ ಆ ಮನೆಯ ಹೆಂಗಸು ಏನೇನು ಮಾಡುತ್ತಾಳೋ ಅಷ್ಟನ್ನೂ ಬರೆದುಕೊಳ್ಳಬೇಕಂತೆ. ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ನಕ್ಕರು. ನಾನು ನಗಲಿಲ್ಲ. ಎರಡು ಲೋಕವನ್ನೂ ಬಲ್ಲವಳು ಇಲ್ಲಿ ನಾನೊಬ್ಬಳೇ ಅಂತ ತೋರಿಸಿಕೊಳ್ಳುವ ಹುಕಿ ಬಂತು. 'ನಮ್ಮನೆಗೇ ಹೋಗಿ' ಅಂದೆ. 'ಆದ್ರೆ ಅಲ್ಲಿ ವಿಶೇಷ ಎಂಥದೂ ಇಲ್ಲ.'

'ವಿಶೇಷ ಇಲ್ಲದ್ದೇ ಬೇಕು ಮೇಡಂ' ಅಂದಳು ಅವಳು. ಕಣ್ಣು ಅರಳಿತ್ತು.

ಮೊದಲ ಶನಿವಾರ ನಾನು ಹೋದಾಗ ಅವಳು ಜಗುಲಿಯ ಕುರ್ಚಿಯಲ್ಲಿ ಕೂತಿದ್ದಳು, ನೆಂಟರ ಹಾಗೆ. ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ನನಗೆ ಅಂತ ತಂದದ್ದು. ಅವಳು ತಟ್ಟನೆ ಎದ್ದು ಬಿಟ್ಟುಕೊಟ್ಟಳು. ಅವ್ವ ಅವಳಿಗೆ 'ಬನ್ನಿ, ಕೂತ್ಕಳಿ' ಅಂತ ಬಹುವಚನ ಹಚ್ಚಿದ್ದಳು. ನೋಡಿ ಖುಷಿಯಾಯಿತು. ಸಂಜೆ ಅವಳು ಅವ್ವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಲು ಶುರುಮಾಡಿದಳು.

'ಬೆಳಿಗ್ಗೆ ಎದ್ದು ಏನ್ ಮಾಡ್ತೀರಾ?'

'ಎಂಥ ಮಾಡೋದು. ಹಿಂಗೇ ಕೆಲಸ' ಅಂದಳು ಅವ್ವ.

ನಾನು ನಡುವೆ ಬಾಯಿ ಹಾಕಿದೆ. 'ಬರ್ಕೊಳ್ಳಿ. ಪ್ರಾತಃಕಾಲ ಎದ್ದು ಮನೆಯ ಸ್ವಚ್ಛತೆ, ನಂತರ ಜಾನುವಾರುಗಳ ಪಾಲನೆ, ತದನಂತರ ಉಪಾಹಾರದ ಸಿದ್ಧತೆ...'

ಅವ್ವ ನನ್ನ ಮುಖವನ್ನೇ ನೋಡಿದಳು. ತನ್ನ ದಿನ ಇಷ್ಟು ದೊಡ್ಡದಾಗಿದೆ ಅಂತ ಅವಳಿಗೆ ಗೊತ್ತಿರಲಿಲ್ಲ. 'ಹೌದು, ಅದೇ ಮಾಡೋದು. ಇವ್ಳು ಹೇಳಿದಂಗೆ' ಅಂದಳು. ಸುಚೇತಾ ಪೆನ್ನು ಕೆಳಗಿಟ್ಟು, ಬಹಳ ಮರ್ಯಾದೆಯಿಂದ, 'ಮೇಡಂ, ಅವರೇ ಹೇಳಲಿ' ಅಂದಳು. ಅದು ಮೊದಲ ಕಿಡಿ.

ಎರಡನೇ ಶನಿವಾರ ಹೋದಾಗ ಕುರ್ಚಿ ಖಾಲಿ ಇತ್ತು. ಅವಳು ಅಡುಗೆಮನೆಯ ನೆಲದಲ್ಲಿ, ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಚೂಡಿದಾರದ ಮೇಲೆ ಅವ್ವನ ಹಳೇ ಸೀರೆಯ ತುಂಡು ಸುತ್ತಿತ್ತು. ಅವ್ವನ ಬಾಯಲ್ಲಿ ಅವಳು ಆಗಲೇ 'ಸುಚ್ಚಿ' ಆಗಿದ್ದಳು. ನಾನು ಒಳಗೆ ಕಾಲಿಡುವ ಹೊತ್ತಿಗೆ ಅವ್ವ ಹೇಳುತ್ತಿದ್ದಳು:

'ಊದೋದು ಒಲೆಗೆ ಕಣೇ, ನಿನ್ನ ಮೂತಿಗಲ್ಲ! ಕಣ್ಣೆಲ್ಲ ಹೊಗೆ ತುಂಬ್ಕಂಡು ಕೂತಿದೀಯ. ಅಯ್ಯೋ ದಡ್ಡಿ, ಕೊಳವೆ ಓರೆ ಹಿಡಿ. ನಿಮ್ಮೂರಲ್ಲಿ ಹೊಟ್ಟೆಗೆ ಅನ್ನ ತಿಂತೀರೋ ಗ್ಯಾಸ್ ತಿಂತೀರೋ?'

ಸುಚೇತಾ ಕೆಮ್ಮುತ್ತಾ ನಗುತ್ತಿದ್ದಳು. ನನ್ನನ್ನು ಕಂಡ ಕೂಡಲೇ ಅವ್ವನ ದನಿ ಬದಲಾಯಿತು. ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದಳು. 'ಬಂದ್ಯಾ? ಸುಸ್ತಾಗಿರ್ತೀಯ. ಇಲ್ಲಿ ಹೊಗೆ, ಜಗುಲೀಲಿ ಕೂತ್ಕ. ಕಾಫಿ ತರ್ತೀನಿ.' ನನಗೆ ಬಂದ ಕಾಫಿ ಸ್ಟೀಲಿನ ಲೋಟದಲ್ಲಿ, ಕೆಳಗೊಂದು ಬಟ್ಟಲು ಇಟ್ಟು. ಸಕ್ಕರೆ ಹಾಕಿದ್ದು, ನನಗೆಂದೇ ಮೂಡಿಗೆರೆಯಿಂದ ತರಿಸಿದ ಪುಡಿಯದು. ಅವರಿಬ್ಬರೂ ಒಳಗೆ ಬೆಲ್ಲದ ಕಾಫಿಯನ್ನು ತೆಂಗಿನ ಚಿಪ್ಪಿನಲ್ಲೋ ಎಂಥದರಲ್ಲೋ ಕುಡಿಯುತ್ತಾ ಗುಸುಗುಸು ಮಾಡುತ್ತಿದ್ದರು. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಟ್ಟಲಿನ ಮೇಲೆ ಲೋಟ ಇಟ್ಟು, ಗುಡ್ಡ ನೋಡಿದೆ.

ಕೂತು ಕೂತು ನನಗೆ ಒಂದು ವಿಷಯ ಹೊಳೆಯಿತು. ಅವ್ವ ನನಗೆ ಬೈದು ಎಷ್ಟು ವರ್ಷವಾಯಿತು? ಪೊರಕೆಯ ದಿನದ ನಂತರ ಒಂದೆರಡು ಸಲ ಬೈದಿರಬಹುದು. ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ನೆನಪಿಲ್ಲ. ಡಿಗ್ರಿ ಬಂದ ಮೇಲಂತೂ ಇಲ್ಲವೇ ಇಲ್ಲ. ತಟ್ಟೆ ಎತ್ತದೆ ಎದ್ದರೂ 'ಇರ್ಲಿ ಬಿಡು'. ಕೊಡಪಾನ ಎಡವಿ ನೀರು ಚೆಲ್ಲಿದರೂ 'ಪೆಟ್ಟಾಯ್ತಾ?' ಅಪ್ಪಯ್ಯನಿಗೆ ಬೈಯುತ್ತಾಳೆ, ದನಕ್ಕೆ ಬೈಯುತ್ತಾಳೆ, ಮಳೆಗೆ ಬೈಯುತ್ತಾಳೆ. ಗಿರಿಜಕ್ಕನ ಹತ್ತಿರ ಬೇಲಿಯ ಎರಡೂ ಕಡೆಯಿಂದ ಬೈಗುಳ ಓಡಾಡುತ್ತದೆ. ಅವ್ವನ ಬೈಗುಳ ಅಂದರೆ ಅವಳ ಕೈಯ ಅಡುಗೆ ಇದ್ದ ಹಾಗೆ. ಮನೆಯವರಿಗೆಲ್ಲ ಅದರಲ್ಲಿ ಪಾಲಿದೆ. ಈಗ ಎರಡು ವಾರದ ಹಿಂದೆ ಬಂದವಳಿಗೂ ಬಡಿಸಿಯಾಯಿತು. ಎಲೆ ಖಾಲಿ ಇದ್ದದ್ದು ನನ್ನೊಬ್ಬಳದು.

ನಗಬೇಡಿ. ಬೈಗುಳಕ್ಕೆ ಹೊಟ್ಟೆಕಿಚ್ಚುಪಡುವ ಎಂ.ಎ. ಪದವೀಧರೆಯನ್ನು ನೀವು ಕಂಡಿರಲಿಕ್ಕಿಲ್ಲ. ಆದರೆ ಆ ವಾರವೆಲ್ಲ ಕ್ಲಾಸಿನಲ್ಲಿ ಪಾಠ ಮಾಡುವಾಗಲೂ ನನ್ನ ಕಿವಿಯಲ್ಲಿ 'ಅಯ್ಯೋ ದಡ್ಡಿ' ಅನ್ನುವ ಆ ದನಿಯೇ. ಎಷ್ಟು ಸಲುಗೆ ಇತ್ತು ಅದರಲ್ಲಿ! ನನ್ನ ಅವ್ವ, ನನ್ನ ಒಲೆ, ನನ್ನ ದಡ್ಡತನ. ಎಲ್ಲ ಅವಳ ಪಾಲಾಗಿತ್ತು. ಊರಿಗೆ ಕಳಿಸಿದವಳು ನಾನೇ ಬೇರೆ.

ಮೂರನೇ ಶನಿವಾರ ರಾತ್ರಿ ಊಟ ಆದಮೇಲೆ ಸುಚೇತಾ ನನಗೆ ತನ್ನ ನೋಟ್‌ಬುಕ್ ತೋರಿಸಿದಳು. ಒಳ್ಳೆಯ ಮನಸ್ಸಿನಿಂದಲೇ ತೋರಿಸಿದಳು, ಅದೇ ಅವಳ ದೊಡ್ಡ ತೊಂದರೆ. ಒಳ್ಳೆಯವರ ಮೇಲೆ ಹೊಟ್ಟೆಕಿಚ್ಚುಪಡುವುದು ಬಹಳ ಆಯಾಸದ ಕೆಲಸ. ಬೂದಿಯ ಮೇಲೆ ಹಿಂಗೈ ಹಿಡಿಯುವ ವಿಷಯ ಓದಿದ್ದು ಅಲ್ಲೇ. ಕಣದಲ್ಲಿ ಒಣಗಿದ ಕಾಫಿಯನ್ನು ಅವ್ವ ಮುಷ್ಟಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಬೀಜ ಗಿಲಕಿಯ ಹಾಗೆ ಸದ್ದು ಮಾಡಿದರೆ ಮಾತ್ರ ಮೂಟೆಗೆ ತುಂಬುತ್ತಾಳೆ ಅಂತ ಇತ್ತು. ಬಚ್ಚಲ ಹಂಡೆಗೆ ಮೊದಲ ಕೊಡ ನೀರು ಹೊಯ್ಯುವಾಗ ತವರುಮನೆಯ ಬಾವಿಯನ್ನು ನೆನೆಯುತ್ತಾಳೆ ಅಂತಲೂ ಇತ್ತು. ಇಪ್ಪತ್ತೇಳು ವರ್ಷ ಆ ಹಂಡೆಯ ನೀರು ಮಿಂದವಳು ನಾನು. ಒಂದು ದಿನವೂ ಕೇಳಿರಲಿಲ್ಲ.

ನೋಟ್‌ಬುಕ್ಕಿನ ಅರ್ಧಕ್ಕೆ ಬಂದು ಮುಚ್ಚಿಬಿಟ್ಟೆ. 'ಚೆನ್ನಾಗಿದೆ. ಆದ್ರೆ ಭಾಷೆ ಇನ್ನೂ ಸ್ವಲ್ಪ ಪ್ರೌಢ ಆಗ್ಬೇಕು' ಅಂದೆ. ನಾಚಿಕೆಗೇಡು. ಇನ್ನರ್ಧ ಓದಿದ್ದರೆ ಮರುದಿನದ ಅನಾಹುತ ಆಗುತ್ತಿರಲಿಲ್ಲ.

ಮರುದಿನ ಭಾನುವಾರ. ತಿಂಡಿ ಮುಗಿಸಿ ಅವ್ವ ಮತ್ತು ಸುಚೇತಾ ಸೊಂಟಕ್ಕೆ ಕೊಯ್ಲಿನ ಚೀಲ ಕಟ್ಟಿಕೊಂಡು ಕೆಳಗಿನ ತೋಟಕ್ಕೆ ಹೊರಟರು. ನಾನೂ ಬರ್ತೀನಿ ಅಂದೆ. 'ನೀನ್ಯಾಕೆ? ಬಿಸಿಲು. ಕೂತ್ಕ, ಓದ್ಕ' ಅಂದಳು ಅವ್ವ. ಸುಚೇತಾ ಮೈಸೂರಿನ ನೆರಳಿನಲ್ಲಿ ಬೆಳೆದವಳು, ಅವಳಿಗೆ ಬಿಸಿಲಿಲ್ಲ!

ಕೂತು ಯೋಚನೆ ಮಾಡಿದೆ. ನಾನೂ ಕೆಲಸ ಬಲ್ಲೆ ಅಂತ ತೋರಿಸಬೇಕು. ಅವರು ಬರುವಷ್ಟರಲ್ಲಿ ಮನೆಯ ಬೀಜವನ್ನೇ ಕುಟ್ಟಿ, ಹುರಿದು, ಪುಡಿ ಮಾಡಿ, ಒಂದು ಒಳ್ಳೆಯ ಕಾಫಿ ಕಾಯಿಸಿಡಬೇಕು. ಹುಡುಕಿದೆ. ಉಗ್ರಾಣದ ಮೂಲೆಯಲ್ಲಿ, ನೆರಳಿನಲ್ಲಿ, ಚಾಪೆಯ ಮೇಲೆ ಒಂದೆರಡು ಸೇರಿನಷ್ಟು ಬೀಜ ಹರಡಿತ್ತು. ಎಂಥ ಬೀಜ! ಒಂದೇ ಅಳತೆ, ತುಂಬಿಕೊಂಡ ಮೈ, ಒಂದು ಜೊಳ್ಳಿಲ್ಲ. ಆದರೆ ಅಷ್ಟಕ್ಕೂ ಬೂದಿ ಮೆತ್ತಿತ್ತು. ಪಾಪ, ಅವ್ವನಿಗೆ ಕಣ್ಣು ಮಂಜಾಗುತ್ತಿದೆ, ಒಳ್ಳೇ ಮಾಲನ್ನು ಒಲೆಯ ಕಸದಲ್ಲಿ ಹಾಕಿಟ್ಟಿದ್ದಾಳೆ ಅಂದುಕೊಂಡೆ. ಮೂರು ನೀರಿನಲ್ಲಿ ತೊಳೆದೆ. ಬೆಳ್ಳಗೆ ಹೊಳೆಯಿತು. ಓದಿದವಳ ಕೈ ಬಿದ್ದರೆ ಹೀಗೆ ಅಂತ ನನಗೆ ನಾನೇ ಹೇಳಿಕೊಂಡೆ.

ಮುಂದಿನ ಒಂದೂವರೆ ಗಂಟೆಯನ್ನು ವಿವರಿಸುವುದಿಲ್ಲ. ಬಾಂಡ್ಲಿಯಲ್ಲಿ ಬಿಸಿ ಮಾಡಿ ಒಣಗಿಸಿದೆ. ಒರಳಿಗೆ ಹಾಕಿ ಕುಟ್ಟಿದರೆ ಮೇಲಿನ ಸಿಪ್ಪೆ ಅರ್ಧ ಬಿಟ್ಟಿತು, ಅರ್ಧ ಬಿಡಲಿಲ್ಲ. ಮೊರದಲ್ಲಿ ಕೇರಿದರೆ ಸಿಪ್ಪೆ ನನ್ನ ತಲೆಯ ಮೇಲೆ ಬಿತ್ತು, ಬೀಜ ಅಂಗಳಕ್ಕೆ ಹಾರಿತು. ಕೋಳಿಗಳು ಓಡಿಬಂದು, ಮೂಸಿ, ಬೇಜಾರು ಮಾಡಿಕೊಂಡು ಹೋದವು. ಹುರಿದಾಗ ಬೀಜ ಕಪ್ಪಾಗುವ ಬದಲು ಚುಸ್ ಅಂತ ಹೊಗೆ ಉಗುಳಿ, ಹೊರಗೆ ಕರಿದು ಒಳಗೆ ಹಸಿಯಾಗಿ ಉಳಿಯಿತು. ಆದರೂ ಪುಡಿ ಅನ್ನುವಂಥದು ಒಂದು ಆಯಿತು. ಕಾಯಿಸಿದೆ. ಮೂರು ಸ್ಟೀಲ್ ಲೋಟ ಸಾಲಾಗಿ ಇಟ್ಟೆ. ಅಪ್ಪಯ್ಯ ಮೊದಲು ಬಂದರು. ಒಂದು ಗುಟುಕು ಕುಡಿದು, 'ಯಾರಿಗೆ ಜ್ವರ?' ಅಂತ ಕೇಳಿದರು. ಕಷಾಯ ಅಂದುಕೊಂಡಿದ್ದರು.

ಅವ್ವ ಮತ್ತು ಸುಚೇತಾ ಮೈತುಂಬಾ ತೋಟದ ಜಿಡ್ಡು ಹೊತ್ತುಕೊಂಡು ಬಂದರು. ಅವ್ವ ಬೇಲಿಬಾಗಿಲ ಉಣುಗೋಲಿನ ಹತ್ತಿರವೇ ನಿಂತು ಮೂಗು ಅರಳಿಸಿದಳು. 'ಎಂಥದೇ ಅದು ವಾಸನೆ?'

'ಕಾಫಿ ಅವ್ವ. ನಾನೇ ಮಾಡಿದ್ದು. ಬೀಜದಿಂದ.'

ಅವ್ವ ಲೋಟ ತೆಗೆದುಕೊಂಡಳು. ಸುಚೇತಾ ಕೈ ತೊಳೆಯಲು ಒಳಗೆ ಹೋದವಳು ಉಗ್ರಾಣದ ಬಾಗಿಲಲ್ಲೇ ನಿಂತುಬಿಟ್ಟಳು. ಖಾಲಿ ಚಾಪೆ ನೋಡಿದಳು, ನನ್ನನ್ನು ನೋಡಿದಳು, ಅವ್ವನನ್ನು ನೋಡಿದಳು. ಅವಳ ಬಾಯಿ ತೆರೆಯಿತು. ಅವ್ವ ಕಣ್ಣಿನಲ್ಲೇ ತಡೆದಳು. ಆಮೇಲೆ ನನ್ನನ್ನು ಮೆಲ್ಲಗೆ ಕೇಳಿದಳು.

'ಚಾಪೆ ಮೇಲಿಂದಾ? ಎಲ್ಲಾನೂ ಹುರಿದ್ಯಾ?'

'ಎಲ್ಲಾನೂ. ಪೂರ್ತಿ ಬೂದಿ ಆಗಿತ್ತು ಅವ್ವ, ಮೂರು ಸಲ ತೊಳೆದೆ.'

ಅವ್ವ ಲೋಟವನ್ನು ಬಾಯಿಗಿಟ್ಟು, ನಿಲ್ಲಿಸದೆ, ತಳದ ಗಸಿಯವರೆಗೂ ಕುಡಿದಳು. 'ಚೆನ್ನಾಗಿದೆ' ಅಂದಳು.

ಸುಚೇತಾಳಿಗೆ ತಡೆಯಲಾಗಲಿಲ್ಲ. 'ಅವ್ವ, ಅದು ಬಿತ್ತನೆ ಬೀಜ ಅಲ್ವಾ?' ಅಂದುಬಿಟ್ಟಳು. ನನ್ನ ಅವ್ವನನ್ನು ಅವಳೂ ಅವ್ವ ಅನ್ನುತ್ತಿದ್ದಳು. ಅದನ್ನು ಕೇಳಿ ಉರಿಯುವುದೋ, ಮುಂದಿನ ಮಾತಿಗೆ ನಡುಗುವುದೋ ನನಗೆ ತಿಳಿಯಲಿಲ್ಲ.

'ಸುಮ್ನಿರೇ ಸುಚ್ಚಿ' ಅಂದಳು ಅವ್ವ.

ಆಮೇಲೆ ಸುಚೇತಾಳನ್ನು ಹಿತ್ತಲಿಗೆ ಕರೆದು ಕೇಳಿದೆ. ನಮ್ಮ ತೋಟದ ಮೇಲಿನ ಅರ್ಧ ಎಕರೆಗೆ ಬೋರರ್ ಹುಳ ಬಿದ್ದು ಗಿಡಗಳನ್ನೆಲ್ಲ ಕಿತ್ತು ಸುಟ್ಟದ್ದು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇದು: ಅಲ್ಲಿ ಬಾವಿಯ ಪಕ್ಕದ ಒಂದೇ ಒಂದು ಗಿಡಕ್ಕೆ ಹುಳ ತಾಗಿರಲಿಲ್ಲ. ಅವ್ವ ಮೂರು ವರ್ಷ ಕಾದು, ಅದು ಗಟ್ಟಿ ಅಂತ ಖಾತ್ರಿ ಮಾಡಿಕೊಂಡು, ಈ ಸಲ ಮೊದಲ ಬಾರಿಗೆ ಅದರ ಒಳ್ಳೊಳ್ಳೆ ಹಣ್ಣು ಕೊಯ್ದು, ತೇಲಿದ್ದನ್ನು ತೆಗೆದು, ಕೈಯಲ್ಲೇ ಸಿಪ್ಪೆ ಸುಲಿದು, ಜರಡಿ ಹಿಡಿದ ಬೂದಿ ಹಚ್ಚಿ ನೆರಳಿನಲ್ಲಿ ಆರಹಾಕಿದ್ದಳು. ಆ ವಾರವೇ ಪಾತಿ ಮಾಡಿ ಬಿತ್ತಬೇಕಿತ್ತು. ಖಾಲಿ ಬಿದ್ದ ಅರ್ಧ ಎಕರೆಗೆ ಅದರದೇ ಸಸಿ. ನಾನು ಆ ಅರ್ಧ ಎಕರೆಯನ್ನು ಬಾಂಡ್ಲಿಯಲ್ಲಿ ಹುರಿದು, ಅಪ್ಪಯ್ಯ, ಅವ್ವ ಇಬ್ಬರಿಗೂ ಕುಡಿಸಿದ್ದೆ.

'ನಿನ್ನೆ ನಿಮಗೆ ಕೊಟ್ಟ ನೋಟ್‌ಬುಕ್ಕಲ್ಲಿ ಇತ್ತು ಮೇಡಂ' ಅಂದಳು ಸುಚೇತಾ, ತಪ್ಪು ತನ್ನದೇ ಅನ್ನುವ ಹಾಗೆ. 'ಕೊನೇ ಪುಟಗಳಲ್ಲಿ.'

ನಾನು ಸೀದಾ ಅವ್ವನ ಹತ್ತಿರ ಹೋದೆ. ಅವಳು ಒಲೆಯ ಮುಂದೆ ಕೂತು ಬಾಂಡ್ಲಿ ತಿಕ್ಕುತ್ತಿದ್ದಳು. 'ಅವ್ವ, ನಂಗೆ ಗೊತ್ತಾಗ್ಲಿಲ್ಲ' ಅಂದೆ.

'ಹೋಗ್ಲಿ ಬಿಡು. ನಿಂಗೆ ಹೆಂಗ್ ಗೊತ್ತಾಗತ್ತೆ ಪಾಪ. ಓದಿದೋಳು' ಅಂದಳು. ಸಿಟ್ಟಿಲ್ಲ. ಚುಚ್ಚು ಮಾತೂ ಅಲ್ಲ. ನಿಜವಾಗಿಯೂ ಪಾಪ ಅನ್ನಿಸಿತ್ತು ಅವಳಿಗೆ. ಪರವೂರಿನ ನೆಂಟರ ಮಗು ಏನೋ ಒಡೆದರೆ ಅನ್ನುತ್ತೇವಲ್ಲ, ಹಾಗೆ.

ಆಗ ನನ್ನೊಳಗಿನ ಲೆಕ್ಚರರ್ ಎಲ್ಲಿಗೆ ಹೋದಳೋ. 'ನಂಗೆ ಬಯ್ಯವ್ವ!' ಅಂತ ಕಿರುಚಿದೆ. 'ಒಲೆ ಸರಿಯಾಗಿ ಊದಲಿಲ್ಲ ಅಂತ ಅವಳಿಗೆ ಬೈತೀಯ. ನಾನು ಮೂರು ವರ್ಷದ ಬೀಜ ಸುಟ್ಟು ಹಾಕಿದ್ರೂ ಚೆನ್ನಾಗಿದೆ ಅಂತೀಯ. ನಾನೇನು ಈ ಮನೆಯವಳಲ್ವಾ?'

ಅವ್ವ ತಿಕ್ಕುವುದು ನಿಲ್ಲಿಸಿದಳು. ಮಸಿಗೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದಳು.

'ನಿಂಗೆ ಬಯ್ಯೋದಾ? ಕಾಲೇಜಲ್ಲಿ ಅಷ್ಟು ಜನದ ಮುಂದೆ ನಿಂತು ಮಾತಾಡೋಳಿಗೆ?' ಅಂದಳು. ಆಮೇಲೆ ಬಾಂಡ್ಲಿಯ ಕಡೆ ನೋಡಿಕೊಂಡು, 'ಹೆದರಿಕೆ ಆಗತ್ತೆ ಮಾರಾಯ್ತಿ. ಎಂಥಾರು ತಪ್ಪು ಮಾತು ಬಂದ್ಬಿಟ್ರೆ, ನೀನು ಶನಿವಾರ ಬರದೇ ಇದ್ರೆ?'

ಅವ್ವ ಎದ್ದು ಕೈ ತೊಳೆದು, ಸಣ್ಣ ಬುಟ್ಟಿ ತೆಗೆದುಕೊಂಡಳು. 'ಮೇಲಿನ ಕೊಂಬೇಲಿ ಇನ್ನೊಂದಿಷ್ಟು ಹಣ್ಣು ಇರ್ಬೇಕು. ಬಾ' ಅಂದಳು. ಸುಚೇತಾ ನೋಟ್‌ಬುಕ್ ಹಿಡಿದು ಹಿಂದೆಯೇ ಹೊರಟಳು. ಅವ್ವ ತಿರುಗಿ, 'ನೀನಿಲ್ಲೇ ಇರು ಸುಚ್ಚಿ. ಅನ್ನಕ್ಕಿಡು' ಅಂದಳು. ಸುಚೇತಾಳ ಮುಖ ಸಣ್ಣಗಾಯಿತು. ನನಗೆ ಎಷ್ಟು ಹಾಯಾಯಿತು ಅಂದರೆ, ಅವಳಿಗೆ ಅಕ್ಕಿ ಡಬ್ಬ ಎಲ್ಲಿದೆ ಅಂತ ತೋರಿಸುವ ಅಂತ ಉದಾರವಾಗಿ ಕೈ ಎತ್ತಿದೆ. ಅವಳಿಗೆ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.

ಬಾವಿಯ ಹತ್ತಿರದ ಗಿಡ ನೋಡಲು ಎಲ್ಲ ಗಿಡದ ಹಾಗೇ ಇತ್ತು. ಸುತ್ತ ಬೋಳು ನೆಲ, ನಡುವೆ ಅದೊಂದು. ಕೆಳಗಿನ ಕೊಂಬೆಗಳಲ್ಲಿ ಹಸಿರು ಕಾಯಿ, ಮೇಲೆ ಅಲ್ಲಲ್ಲಿ ಕೆಂಪು. 'ಪೂರ್ತಿ ಹಣ್ಣಾದ್ದು ಮಾತ್ರ ಬಿತ್ತನೆಗೆ ಆಗೋದು. ಹಸಿರು, ಅರೆಗೆಂಪು ಮುಟ್ಬೇಡ' ಅಂದಳು ಅವ್ವ. ದನಿ ಇನ್ನೂ ಮೆತ್ತಗೇ ಇತ್ತು. 'ಕೊಂಬೆ ನಿಧಾನ ಬಗ್ಗಿಸು, ಆಗ್ತದಲ್ಲ ನಿಂಗೆ? ಆಗದಿದ್ರೆ ಬಿಡು.'

ಆಗುತ್ತದೆ ಅಂತ ತೋರಿಸುವ ಭರದಲ್ಲಿ ಕೊಂಬೆಯ ತುದಿ ಹಿಡಿದು ಜಗ್ಗಿದೆ. ಚಟ್ ಅಂತ ಬುಡಕ್ಕೇ ಕಿತ್ತು ಬಂದು ನನ್ನ ಕೈಯಲ್ಲಿ ಉಳಿಯಿತು, ನಾಲ್ಕು ಹಣ್ಣಿನ ಸಮೇತ.

ಅವ್ವ ಒಂದು ಕ್ಷಣ ಅದನ್ನು ನೋಡಿದಳು. ಆಮೇಲೆ ಕಟ್ಟೆ ಒಡೆಯಿತು.

'ಅಯ್ಯೋ ಕತ್ತೆ! ಕೊಂಬೆ ಹಿಡಿಯೋದು ಹಿಂಗೇನೇ? ಅದೇನು ಬಸ್ಸಿನ ಗಂಟೆ ಹಗ್ಗ ಅಂತ ಮಾಡಿದ್ಯಾ ಜಗ್ಗೋಕೆ? ಬಿತ್ತನೆಗೆ ಇಟ್ಟಿದ್ದನ್ನ ತೊಳೆದು ಹುರಿದೋಳು ನೀನು, ಬೂದಿ ಹಚ್ಚಿದ್ದು ಯಾಕೆ ಅಂತ ಒಂದ್ ಮಾತು ಕೇಳ್ಬಾರ್ದಾ? ಬಾಯಿ ಇಲ್ವಾ? ಅಲ್ಲಿ ಹೋಗಿ ಮಕ್ಕಳಿಗೆ ಎಂಥ ಮಣ್ಣು ಪಾಠ ಮಾಡ್ತೀಯೇ ನೀನು?'

ಒಮ್ಮೆ ಶುರುವಾದದ್ದು ಕೊಂಬೆಗೆ ನಿಲ್ಲಲಿಲ್ಲ. ವರ್ಷಗಳಿಂದ ಎತ್ತಿಟ್ಟಿದ್ದೆಲ್ಲ ಹೊರಗೆ ಬಂತು. ಗಿರಿಜಕ್ಕ ಎದುರು ಬಂದರೆ ನಾನು ಮಾತಾಡಿಸದೆ ಹೋದದ್ದು. ಉಂಡ ತಟ್ಟೆ ಎತ್ತದೆ ಏಳುವುದು. ಶನಿವಾರ ಬಂದರೆ ಕುರ್ಚಿಗೆ ಅಂಟಿಕೊಂಡು ಗುಡ್ಡ ನೋಡುವುದು. 'ಗುಡ್ಡದಲ್ಲಿ ಎಂಥ ಕಾಣತ್ತೋ ನಿಂಗೆ? ಒಳಗೆ ನಾನಿದೀನಿ, ನನ್ನ ನೋಡೋಕೆ ಆಗಲ್ವಾ?' ಅವಳ ಬಾಯಿಗೆ ಎಂಥ ಹಿಡಿತ, ಎಂಥ ಓಟ! ಒಂದು ಮಾತು ತಡವರಿಸಲಿಲ್ಲ, ಒಂದು ಮಾತು ಎರಡು ಸಲ ಬರಲಿಲ್ಲ. ನಾನು ಮುಖವನ್ನು ಎಲೆಗಳ ಒಳಗೆ ಹುದುಗಿಸಿದೆ. ಕಣ್ಣು ಮೂಗು ಎಲ್ಲ ಒದ್ದೆ.

'ನಗ್ತಿದೀಯಾ?' ಅಂತ ಗದರಿದಳು.

'ಇಲ್ಲವ್ವ.'

'ಮತ್ತೆ ಅಳ್ತಿದೀಯಾ?'

'ಇಲ್ಲವ್ವ.'

ಅವ್ವ ಏದುಸಿರು ಬಿಡುತ್ತಾ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ನನ್ನ ಕಡೆ ಒಮ್ಮೆ ನೋಡಿದಳು, ಮುರಿದ ಕೊಂಬೆಯ ಕಡೆ ಒಮ್ಮೆ ನೋಡಿದಳು. ದನಿ ಮೆಲ್ಲಗೆ ಇಳಿಯತೊಡಗಿತು. 'ಹೋಗ್ಲಿ... ಬಿಸಿಲಲ್ಲಿ ಮುಖ ಕೆಂಪಾಗಿದೆ. ನೀನು ಆ ಕಡೆ ನೆರಳಿಗೆ ಕೂತ್ಕ, ನಾನೇ...'

ಮತ್ತೆ ಕುರ್ಚಿ ಬರುತ್ತಿದೆ, ಬಟ್ಟಲಿನ ಮೇಲಿನ ಲೋಟ ಬರುತ್ತಿದೆ. ತಡ ಮಾಡಲಿಲ್ಲ. ಅವ್ವ ನನ್ನನ್ನೇ ನೋಡುತ್ತಿರುವಾಗ, ಕೈಗೆ ಸಿಕ್ಕಿದ ಕಲ್ಲಿನಂಥ ಹಸಿರು ಕಾಯಿಯೊಂದನ್ನು ಕಿತ್ತು ಬುಟ್ಟಿಗೆ ಹಾಕಿದೆ.